ಗುಣಿಸಬೇಡಿ ಅನ್ನೋರಿಗೆ

ವಿದೇಶಕ್ಕೆ ಓದೋಕೆ ಹೋಗುವವರಿಗೆ ಬುದ್ಧಿ ಹೇಳುವ ವಿಡಿಯೋಗಳಲ್ಲಿ ಒಂದು ಮಾತು ತಪ್ಪದೇ ಬರುತ್ತೆ. ‘ಯೂರೋನ ರೂಪಾಯಿಗೆ ಗುಣಿಸೋದನ್ನ ಮೊದಲು ನಿಲ್ಲಿಸಿ, ಇಲ್ಲಾಂದ್ರೆ ಒಂದು ಕಾಫಿ ಕೂಡ ಕುಡಿಯೋಕಾಗಲ್ಲ.’ ನಗ್ತಾ ಹೇಳ್ತಾರೆ. ಹಿಂದುಗಡೆ ಹಳೇ ಚರ್ಚು, ಟ್ರಾಮು, ಚೊಕ್ಕಟವಾದ ಬೀದಿ. ಆಮೇಲೆ ಪರದೆ ಮೇಲೆ ಪಟ್ಟಿ ಮೂಡುತ್ತೆ: ಬಾಡಿಗೆ ಇಷ್ಟು, ಊಟ ಇಷ್ಟು, ಇನ್ಶೂರೆನ್ಸ್ ಇಷ್ಟು, ಫೋನಿಗೆ ಇಷ್ಟು, ಒಟ್ಟು ಇಷ್ಟು. ಹತ್ತು ನಿಮಿಷಕ್ಕೆ ಜೀವನ ಮುಗೀತು.

ಇಂಥ ವಿಡಿಯೋಗಳನ್ನ ನಾನು ನೋಡಿದಷ್ಟು ನಮ್ಮ ಆಫೀಸಿನಲ್ಲಿ ಬೇರೆ ಯಾರೂ ನೋಡಿರಲಿಕ್ಕಿಲ್ಲ. ಓದೋಕೆ ಹೋದವನು ನಾನಲ್ಲ, ನನ್ನ ತಮ್ಮ. ಪೂರ್ವ ಜರ್ಮನಿಯ ಒಂದು ಊರಲ್ಲಿ ಎಂ.ಎಸ್. ಮಾಡ್ತಿದ್ದಾನೆ. ದುಡ್ಡು ಕಳಿಸುವವನು ನಾನು. ಹಾಗಾಗಿ ಈ ಪಟ್ಟಿಗಳನ್ನ ನಾನು ಇನ್ನೊಂದು ತುದಿಯಿಂದ ಓದ್ತೀನಿ. ಅಲ್ಲಿರುವವನು ಗುಣಿಸೋದನ್ನ ಬೇಕಾದ್ರೆ ನಿಲ್ಲಿಸಲಿ. ರೂಪಾಯಿಯಲ್ಲಿ ಸಂಬಳ ತಗೊಂಡು ಯೂರೋದಲ್ಲಿ ಕಳಿಸುವವನು ಹೇಗೆ ನಿಲ್ಲಿಸ್ತಾನೆ? 2024ರ ಕೊನೆಗೆ ಅವನು ಹೊರಟಾಗ ಯೂರೋ 90ರ ಆಸುಪಾಸು ಇತ್ತು. ಮುಂದಿನ ವರ್ಷ ಮುಗಿಯುವಷ್ಟರಲ್ಲಿ ನೂರು ದಾಟಿತ್ತು. ಅವನ ಖರ್ಚು ಒಂದು ಸೆಂಟ್ ಜಾಸ್ತಿ ಆಗದೇ ಇದ್ದರೂ ನನ್ನ ಖರ್ಚು ಜಾಸ್ತಿ ಆಯ್ತು. ಯಾವ ಪಟ್ಟಿಯಲ್ಲೂ ಇದಕ್ಕೊಂದು ಸಾಲಿಲ್ಲ.

ಪಟ್ಟಿಗಳಲ್ಲಿರುವ ಅಂಕಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಬಹುಪಾಲು ಸರಿಯಾಗೇ ಇರ್ತವೆ. ಆದರೆ ಆ ದುಡ್ಡು ಯಾರದ್ದು, ಯಾರಿಗೆ ಲೆಕ್ಕ ಒಪ್ಪಿಸಬೇಕು, ಇಪ್ಪತ್ತೆರಡು ವರ್ಷದ ಹುಡುಗ ಅದನ್ನ ಖರ್ಚು ಮಾಡುವಾಗ ಅವನ ಹೊಟ್ಟೆಯೊಳಗೆ ಏನಾಗುತ್ತೆ, ಅದು ಅಲ್ಲಿಲ್ಲ. ಆಕಾಶದಿಂದ ಉದುರಿದ ದುಡ್ಡಿನ ಹಾಗೆ ಲೆಕ್ಕ ಶುರುವಾಗುತ್ತೆ.

ನಮ್ಮ ಪ್ರವಾಸ ಸಾಹಿತ್ಯದಲ್ಲೂ ಇದು ಸಿಗೋದು ಕಷ್ಟ. ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ನೋಡಲು ಹೋದವರ ಪುಸ್ತಕಗಳು. ನೋಡಲು ಹೋದವರ ಕಣ್ಣು ಬೇರೆ. ತಿಂಗಳ ಕೊನೆಗೆ ಬಾಡಿಗೆ ಕಟ್ಟಬೇಕಾದವನ ಕಣ್ಣು ಬೇರೆ. ನಾನು ಹುಡುಕ್ತಿದ್ದ ಪುಸ್ತಕ ಕೊನೆಗೆ ಸಿಕ್ಕಿದ್ದು ಹೈಸ್ಕೂಲಲ್ಲಿ ಬಹುಮಾನ ಅಂತ ಕೊಟ್ಟು, ನಾವ್ಯಾರೂ ಓದದೇ ಬಿಟ್ಟಿದ್ದ ಪುಸ್ತಕಗಳ ಸಾಲಿನಲ್ಲಿ: ಗಾಂಧಿಯ ಆತ್ಮಕಥೆ. ಅದರಲ್ಲಿ ಲಂಡನ್ನಿಗೆ ಸಂಬಂಧಪಟ್ಟ ಅಧ್ಯಾಯಗಳು. 1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದ ಬರಹ ಅದು. ಅಂದರೆ ಅದೂ ಒಂದು ಅಂಕಣವೇ. ಅಧ್ಯಾಯಗಳು ಅಂಕಣದಷ್ಟೇ ಗಿಡ್ಡ, ಊಟದ ಡಬ್ಬಿ ಖಾಲಿಯಾಗೋದರೊಳಗೆ ಎರಡು ಓದಬಹುದು. ಮಹಾತ್ಮನನ್ನ ಹುಡುಕಿಕೊಂಡು ಹೋಗಬೇಡಿ. ಮನೆಯವರ ದುಡ್ಡಲ್ಲಿ ಓದೋಕೆ ಹೋದ, ಇನ್ನೂ ಹತ್ತೊಂಬತ್ತು ತುಂಬದ ಹುಡುಗನ ಲೆಕ್ಕದ ಪುಸ್ತಕ ಅಂತ ಓದಿ.

ಆ ಲೆಕ್ಕ ಲಂಡನ್ನಿನಲ್ಲಿ ಶುರುವಾಗಲ್ಲ, ಕಾಠಿಯಾವಾಡದಲ್ಲೇ ಶುರುವಾಗುತ್ತೆ. ಮನೆಯ ಹಿತೈಷಿಯಾದ ಮಾವಜಿ ದವೆ ಅನ್ನುವವರು ಬ್ಯಾರಿಸ್ಟರ್ ಓದೋಕೆ ನಾಲ್ಕೈದು ಸಾವಿರ ರೂಪಾಯಿ ಸಾಕು ಅಂತಾರೆ. ಹುಡುಗ ದುಡ್ಡಿಗಾಗಿ ಅಲೀತಾನೆ, ಕೇಳಿದ ಕಡೆ ಇಲ್ಲ ಅನ್ನಿಸಿಕೊಳ್ತಾನೆ, ಹೆಂಡತಿಯ ಒಡವೆ ಮಾರಿದ್ರೆ ಎರಡು ಮೂರು ಸಾವಿರ ಬರಬಹುದು ಅಂತ ಲೆಕ್ಕ ಹಾಕ್ತಾನೆ. ಕೊನೆಗೆ ಅಣ್ಣ ಲಕ್ಷ್ಮೀದಾಸ್ ‘ನಾನು ಹೊಂದಿಸ್ತೀನಿ’ ಅಂತ ಮಾತು ಕೊಡ್ತಾನೆ. ಅಷ್ಟರಲ್ಲಿ ಬೊಂಬಾಯಿಯಲ್ಲಿ ಜಾತಿಯವರು ಬಹಿಷ್ಕಾರ ಹಾಕ್ತಾರೆ. ಇವನಿಗೆ ಸಹಾಯ ಮಾಡಿದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ದುಡ್ಡು ಇಟ್ಟುಕೊಂಡಿದ್ದ ಭಾವ ಹೆದರಿ ಕೊಡಲ್ಲ. ಹಡಗಿನ ಚಾರ್ಜಿಗೆ ಪರಿಚಯದವರ ಹತ್ತಿರ ಸಾಲ ತಗೊಂಡು, ‘ಅಣ್ಣನ ಹತ್ರ ಇಸ್ಕೊಳ್ಳಿ’ ಅಂತ ಹೇಳಿ ಹಡಗು ಹತ್ತುತ್ತಾನೆ. 1888ರ ಸೆಪ್ಟೆಂಬರ್ 4.

ಈ ಭಾಗ ಓದುವಾಗ ನಮ್ಮ ಮನೆಯ ಕಥೆಯೇ ಅನ್ನಿಸಿತು, ದಂಡ ಒಂದು ಬಿಟ್ಟು. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಧಾರ ಕೇಳ್ತವೆ. ಅಪ್ಪ ಎರಡೂವರೆ ಎಕರೆ ಕಬ್ಬಿನ ಗದ್ದೆಯ ಪಹಣಿಯನ್ನ ಪ್ಲಾಸ್ಟಿಕ್ ಕವರಲ್ಲಿಟ್ಟುಕೊಂಡು ಬಂದಿದ್ದರು. ಮ್ಯಾನೇಜರು ಅದನ್ನ ಬಿಚ್ಚಿಯೂ ನೋಡಲಿಲ್ಲ. ಸಾಲಗಾರ ಕಟ್ಟದಿದ್ದರೆ ಆಸ್ತಿ ಜಪ್ತಿ ಮಾಡೋಕೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ. ರೈತನ ರಕ್ಷಣೆಗೆ ಇಟ್ಟ ವಿನಾಯಿತಿ ರೈತನ ಮಗನ ಸಾಲಕ್ಕೆ ಅಡ್ಡ ಬರುತ್ತೆ. ಕೊನೆಗೆ ಅವ್ವನ ಒಡವೆ ಒಂದು ಕಡೆ, ನನ್ನ ಸಂಬಳದ ಚೀಟಿ ಇನ್ನೊಂದು ಕಡೆ. ಇದನ್ನ ಯಾವ ವಿಡಿಯೋದ ‘ಒಟ್ಟು ಖರ್ಚು’ ಕಾಲಮ್ಮಿನಲ್ಲಿ ಹಾಕ್ತೀರಿ?

ಲಂಡನ್ನಿಗೆ ಇಳಿದ ಮೇಲಿನ ಪುಟಗಳಂತೂ ಇವತ್ತಿಗೂ ಹಸಿಹಸಿಯಾಗಿವೆ. ಮೊದಲು ಉಳಿದ ಹೋಟೆಲಿನಲ್ಲಿ ಮೂರು ಪೌಂಡ್ ಬಿಲ್ಲು. ಅಷ್ಟಾದರೂ ಹೊಟ್ಟೆ ತುಂಬಿರಲಿಲ್ಲ. ಒಂದು ತಿಂಡಿ ರುಚಿಸದೇ ಇನ್ನೊಂದು ತರಿಸಿದರೆ ಎರಡಕ್ಕೂ ದುಡ್ಡು. ಆಮೇಲೆ ಮನೆಯೊಂದರಲ್ಲಿ ಊಟ ಸಮೇತ ಬಾಡಿಗೆ. ಮನೆಯೊಡತಿಯ ಹೆಣ್ಣುಮಕ್ಕಳು ಪಾಪ ಒಂದೆರಡು ತುಂಡು ಬ್ರೆಡ್ ಜಾಸ್ತಿ ಹಾಕ್ತಾರೆ, ಇವನಿಗೆ ಬೇಕಾಗಿದ್ದು ಇಡೀ ಲೋಫು. ಕೇಳೋಕೆ ನಾಚಿಕೆ. ಮುದ್ದೆ ತಿಂದು ಬೆಳೆದ ಯಾರಿಗೂ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

ಅದಾದ ಮೇಲೆ ಜೆಂಟಲ್‌ಮನ್ ಆಗುವ ಹುಚ್ಚು. ಹತ್ತೊಂಬತ್ತು ಶಿಲ್ಲಿಂಗಿನ ಟೋಪಿ. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡ್ ಕೊಟ್ಟು ಹೊಲಿಸಿದ ಸಂಜೆಯ ಸೂಟು. ಗಡಿಯಾರಕ್ಕೆ ಎರಡೆಳೆಯ ಚಿನ್ನದ ಚೈನು ಬೇಕು ಅಂತ ಅಣ್ಣನಿಗೆ ಬರೆದು ತರಿಸಿಕೊಂಡಿದ್ದು. ಡ್ಯಾನ್ಸ್ ಕ್ಲಾಸಿಗೆ ಮೂರು ಪೌಂಡ್, ತಾಳ ಹಿಡಿಯೋಕೆ ಬರ್ತಿಲ್ಲ ಅಂತ ಪಿಟೀಲಿಗೆ ಇನ್ನೊಂದು ಮೂರು ಪೌಂಡ್, ಭಾಷಣ ಕಲಿಯೋಕೆ ಒಂದು ಗಿನಿ. ಸುಮಾರು ಮೂರು ತಿಂಗಳಿಗೆ ಹುಚ್ಚು ಇಳೀತು.

ಈ ಅಂಕಿಗಳನ್ನ ಓದುಗ ಮರೆಯದೇ ಇರೋದಕ್ಕೆ ಕಾರಣ ಅವುಗಳೊಳಗೆ ಆಸೆ ಇದೆ, ಅವಮಾನ ಇದೆ. ಹತ್ತೊಂಬತ್ತು ಶಿಲ್ಲಿಂಗ್ ಟೋಪಿಯ ಬೆಲೆ ಅಷ್ಟೇ ಅಲ್ಲ. ಬಿಳಿಯರ ಕೋಣೆಯೊಂದಕ್ಕೆ ಹೋದಾಗ ಯಾರೂ ತಿರುಗಿ ನೋಡಬಾರದು ಅನ್ನೋದಕ್ಕೆ ಕೊಟ್ಟ ದುಡ್ಡು. ಈಗಿನ ಪಟ್ಟಿಗಳಲ್ಲಿ ಇದಕ್ಕೆ ‘ಇತರೆ’ ಅಂತ ಹೆಸರು. ತಿಂಗಳಿಗೆ 50 ಯೂರೋ ಇತರೆ. ಎಲ್ಲಾ ನಾಟಕ ನಡೆಯೋದು ಅಲ್ಲೇ.

ಇನ್ನೊಂದು ವಿಷಯ ನನಗೆ ತುಂಬ ಹಿಡಿಸ್ತು. ಬ್ಯಾರಿಸ್ಟರ್ ಆಗೋಕೆ ಇನ್ನಿನಲ್ಲಿ ಕೂತು ‘ಡಿನ್ನರ್’ ಮುಗಿಸಬೇಕಿತ್ತು, ಒಂದು ಟರ್ಮಿಗೆ ಸುಮಾರು 24 ಊಟದಲ್ಲಿ ಕನಿಷ್ಠ ಆರು. ಎರಡೂವರೆಯಿಂದ ಮೂರೂವರೆ ಶಿಲ್ಲಿಂಗ್ ಒಂದು ಊಟಕ್ಕೆ. ನಾಲ್ಕು ಜನರ ಗುಂಪಿಗೆ ಎರಡು ಬಾಟಲಿ ವೈನು. ಕುಡಿಯದ ಗಾಂಧಿ ತಮ್ಮ ಗುಂಪಲ್ಲಿರಲಿ ಅಂತ ಎಲ್ಲರಿಗೂ ಆಸೆ. ಈ ಊಟದ ಬೆಲೆ ಹೇಳುವಾಗ ಗಾಂಧಿ ಒಂದು ಕೆಲಸ ಮಾಡ್ತಾರೆ: ಶಿಲ್ಲಿಂಗ್ ಹೇಳಿ, ಅಂದರೆ ಎರಡು ಮೂರು ರೂಪಾಯಿ ಅಂತ ಪಕ್ಕದಲ್ಲೇ ಸೇರಿಸ್ತಾರೆ. ಊಟಕ್ಕಿಂತ ಕುಡಿತಕ್ಕೆ ಜಾಸ್ತಿ ದುಡ್ಡು ಅನ್ನೋದು ನಮ್ಮ ಕಡೆಯವರಿಗೆ ಎಷ್ಟು ವಿಚಿತ್ರ ಅಂತಲೂ ಹೇಳ್ತಾರೆ. ಮೂರೂವರೆ ದಶಕ ಆದಮೇಲೂ ಗುಣಿಸೋದನ್ನ ಬಿಟ್ಟಿಲ್ಲ ಮನುಷ್ಯ. ಅಂದಹಾಗೆ ಆಗಲೂ ನಮ್ಮ ರೂಪಾಯಿ ಇಳೀತಾನೇ ಇತ್ತು. 1870ರ ಸುಮಾರಿಗೆ ಎರಡು ಶಿಲ್ಲಿಂಗಿನ ಹತ್ತಿರ ಇದ್ದ ಬೆಳ್ಳಿ ರೂಪಾಯಿ, ಅವರು ಹೋಗುವ ಹೊತ್ತಿಗೆ ಒಂದು ಶಿಲ್ಲಿಂಗ್ ನಾಲ್ಕೈದು ಪೆನ್ಸಿಗೆ ಬಂದಿತ್ತು. ಆ ಲೆಕ್ಕದಲ್ಲಿ ಸಂಜೆಯ ಸೂಟು ಲಕ್ಷ್ಮೀದಾಸನಿಗೆ 150 ರೂಪಾಯಿಯ ಹತ್ತಿರ ಬಿತ್ತು.

ಆಮೇಲೆ ಖರ್ಚನ್ನ ಅರ್ಧಕ್ಕೆ ಇಳಿಸುವ ಅಧ್ಯಾಯ. ನನ್ನ ಪ್ರಕಾರ ಈ ವಿಷಯದ ಮೇಲೆ ಬಂದಿರುವ ಬರಹಗಳಲ್ಲೇ ಇದು ಅತ್ಯುತ್ತಮ. ಮನೆಯವರ ಜೊತೆ ಇದ್ದರೆ ವಾರದ ಬಿಲ್ಲು ಮಾತ್ರ ಅಲ್ಲ, ಆಗಾಗ ಅವರನ್ನ ಊಟಕ್ಕೆ ಹೊರಗೆ ಕರ್ಕೊಂಡು ಹೋಗಬೇಕು, ಗಾಡಿ ಬಾಡಿಗೆ ಕೊಡಬೇಕು, ಹೊರಗೆ ಉಂಡ ದಿನಕ್ಕೆ ವಾರದ ಬಿಲ್ಲಲ್ಲಿ ಕಡಿತ ಇಲ್ಲ. ದುಡ್ಡು ಸೋರುವ ತೂತು ಎಲ್ಲಿದೆ ಅಂತ ಇಷ್ಟು ಸರಿಯಾಗಿ ಹುಡುಕಿದವನು ಒಳ್ಳೇ ಡೀಬಗ್ಗರ್ ಆಗ್ತಿದ್ದ. ಬೇರೆ ರೂಮು ಹಿಡಿದ. ಓಡಾಡೋ ಜಾಗಕ್ಕೆ ನಡೆದೇ ಹೋದ, ದಿನಕ್ಕೆ ಎಂಟು ಹತ್ತು ಮೈಲಿ. ಆಮೇಲೆ ಎರಡು ರೂಮು ಬಿಟ್ಟು ಒಂದೇ ರೂಮು, ಒಂದು ಸ್ಟೌ. ಬೆಳಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ, ರಾತ್ರಿ ಬ್ರೆಡ್ಡು ಕೋಕೋ. ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್. ಬಸ್ ಚಾರ್ಜು, ಅಂಚೆ, ಪೇಪರಿಗೆ ಕೊಟ್ಟ ಚಿಲ್ಲರೆ ಎಲ್ಲಾ ಬರೆದು, ಮಲಗೋ ಮುಂಚೆ ಲೆಕ್ಕ ಕೂಡಿಸೋದು. ಯಾಕೆ ಅಂತಲೂ ಹೇಳ್ತಾರೆ: ಕಷ್ಟಪಟ್ಟು ಕೇಳಿದಾಗಲೆಲ್ಲ ದುಡ್ಡು ಕಳಿಸ್ತಿದ್ದ ಅಣ್ಣನ ನೆನಪು. ಅಂಕಿಯ ಹಿಂದೆ ಮನುಷ್ಯ ನಿಂತಿದ್ದಾನೆ.

ಇದೇ ಗಾಂಧಿ ಇದೇ ವಿಷಯದ ಮೇಲೆ ಇನ್ನೊಂದು ಬರೆದಿದ್ದಾರೆ, ಅದು ಇಷ್ಟು ಚೆನ್ನಾಗಿಲ್ಲ. ಲಂಡನ್ನಿನಿಂದ ಬಂದ ಕೆಲವೇ ವರ್ಷಕ್ಕೆ ಬರೆದ ‘ಗೈಡ್ ಟು ಲಂಡನ್’. ಆಗ ಅಚ್ಚಾಗಲಿಲ್ಲ, ಬಹಳ ಕಾಲದ ನಂತರ ಅವರ ಸಮಗ್ರ ಕೃತಿಗಳ ಮೊದಲ ಸಂಪುಟಕ್ಕೆ ಸೇರ್ತು. ಯಾವ ಬಟ್ಟೆ ಎಷ್ಟು ಜೊತೆ, ಏನೇನು ತಿನ್ನಬೇಕು, ವಾರಕ್ಕೆ ಒಂದು ಪೌಂಡಿನಲ್ಲಿ ನೆಮ್ಮದಿಯಾಗಿ ಬದುಕಬಹುದು ಅನ್ನೋ ವಾದ. ಉಪಯೋಗಕ್ಕೆ ಬರುವಂಥದ್ದೇ. ಆದರೆ ಅಣ್ಣ ಇಲ್ಲ, ಟೋಪಿಯ ಹುಚ್ಚಿಲ್ಲ, ಬ್ರೆಡ್ಡು ಕೇಳೋಕೆ ನಾಚಿದ ಹುಡುಗ ಇಲ್ಲ. ಇಪ್ಪತ್ತನಾಲ್ಕು ಇಪ್ಪತ್ತೈದರ ಗಾಂಧಿ ಬರೆದಿದ್ದು ಇವತ್ತಿನ ಯೂಟ್ಯೂಬ್ ಪಟ್ಟಿಯನ್ನೇ. ವಯಸ್ಸಾದ ಗಾಂಧಿ ಅದೇ ಅಂಕಿಗಳಿಗೆ ರಕ್ತ ಮಾಂಸ ತುಂಬಿದರು.

ಈಗ ಜರ್ಮನಿಯ ಪಟ್ಟಿಗೆ ಬರೋಣ. ಅದರ ಮೇಲಿನ ಸಾಲು ಯಾವಾಗಲೂ 992. ವೀಸಾಕ್ಕೆ ಮುಂಚೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಕಟ್ಟಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಬಿಡ್ತಾರೆ. ಯೂರೋಗೆ 90 ಅಂತ ಹಿಡಿದರೂ 10.7 ಲಕ್ಷ ರೂಪಾಯಿ. ‘ಜರ್ಮನಿಯಲ್ಲಿ ತಿಂಗಳ ಖರ್ಚು 992’ ಅಂತ ಎಲ್ಲರೂ ಪ್ರಕೃತಿ ನಿಯಮದ ಹಾಗೆ ಹೇಳ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಿದ ವಿಡಿಯೋ ನಾನು ನೋಡಿದ್ದರಲ್ಲಿ ಒಂದೂ ಇಲ್ಲ. ಜರ್ಮನ್ ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರ ಕೊಡುವ ಬಾಫೋಗ್ ಅನ್ನುವ ನೆರವಿದೆ. 2024ರಲ್ಲಿ ಅದರ ಗರಿಷ್ಠ ಮೊತ್ತ 992 ಆಯ್ತು: ಜೀವನಕ್ಕೆ 475, ಬಾಡಿಗೆಗೆ 380, ಆರೋಗ್ಯ ವಿಮೆಗೆ 137. ಅವರಿಗೆ ಸರ್ಕಾರ ಹೆಚ್ಚೆಂದರೆ ಇಷ್ಟು ಕೊಡುತ್ತೆ ಅನ್ನೋ ಅಂಕಿ, ನಮಗೆ ಕನಿಷ್ಠ ಇಷ್ಟು ತೋರಿಸಿ ಅನ್ನೋ ಅಂಕಿ. ಒಂದೇ ಸಂಖ್ಯೆ, ಅಲ್ಲಿ ಛಾವಣಿ, ಇಲ್ಲಿ ಹೊಸ್ತಿಲು. ಆ 380ರೊಳಗೆ ಮ್ಯೂನಿಕ್‌ನಲ್ಲಿ ರೂಮು ಸಿಕ್ಕಿದರೆ ಲಾಟರಿ ಹೊಡೆದ ಹಾಗೆ. ತಮ್ಮನ ಊರಲ್ಲಿ ಸ್ಟೂಡೆಂಟ್ ಹಾಸ್ಟೆಲ್ ಅದಕ್ಕಿಂತ ಕಡಿಮೆಗೇ ಸಿಕ್ತು. ಅವನು ಆ ಊರನ್ನ ಆರಿಸಿದ್ದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ, ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಾದರೆ ಯೂರೋಪಿನ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಫೀಸು ಕಟ್ಟಬೇಕು.

ತಮ್ಮ ತನ್ನ ಖರ್ಚನ್ನ ಒಂದು ಶೀಟಿನಲ್ಲಿ ಹಾಕಿ ನನಗೂ ಅವ್ವನಿಗೂ ಶೇರ್ ಮಾಡಿದ್ದಾನೆ. ನಾನು ಕೇಳಿರಲಿಲ್ಲ. ಅವ್ವ ಅದನ್ನ ತೆಗೆಯೋದಿಲ್ಲ, ಆಕೆಯ ಲೆಕ್ಕ ಫೋನಲ್ಲೇ: ‘ಊಟ ಆಯ್ತೇನ್ಲಾ ಮಗಾ, ಏನ್ ಉಂಡೆ?’ ನಾನು ಮಾತ್ರ ವಾರಕ್ಕೊಮ್ಮೆ ತೆಗೆದು ನೋಡ್ತೀನಿ. ಮೊದಮೊದಲು ರಸಗುಲ್ಲದ ಡಬ್ಬಿ, ಸೋನಾ ಮಸೂರಿ, ಇಂಡಿಯನ್ ಅಂಗಡಿಯ ಬಿಲ್ಲೇ ಜಾಸ್ತಿ. ಕ್ರಮೇಣ ಓಟ್ಸ್, ಆಲೂಗಡ್ಡೆ, ಮೆನ್ಸಾ ಅಂತ ಕರೆಯುವ ಕ್ಯಾಂಟೀನಿನ ಊಟ. ಟಿವಿ ಇಲ್ಲದಿದ್ದರೂ ಮನೆಗಿಷ್ಟು ಅಂತ ವಸೂಲಿ ಮಾಡುವ ಪ್ರಸಾರ ಶುಲ್ಕ, ತಿಂಗಳಿಗೆ 18.36. ಅದರಲ್ಲಿ ನಮ್ಮೂರ ಕೇಬಲ್ಲು ಐದಾರು ತಿಂಗಳು ಬರುತ್ತೆ ಅಂತ ಅಪ್ಪನಿಗೆ ಹೇಳಿದ್ದಕ್ಕೆ ಅವರು ಸುಮಾರು ಹೊತ್ತು ನಕ್ಕರು. ವಾಪಸ್ ಕೊಟ್ಟ ಬಾಟಲಿಗಳಿಂದ ಬಂದಿದ್ದು ಅಂತ ಒಂದು ಸಾಲು, 25 ಸೆಂಟಿನ ಲೆಕ್ಕದಲ್ಲಿ, ಹಸಿರು ಬಣ್ಣದಲ್ಲಿ. ಕಸದ ಬುಟ್ಟಿಯಿಂದ ಬಾಟಲಿ ಆರಿಸುವ ಜರ್ಮನ್ ಮುದುಕರನ್ನ ಸ್ಟೇಷನ್ನಿನಲ್ಲಿ ನೋಡಿದ ದಿನ ಫೋನ್ ಮಾಡಿದ್ದ. ‘ಅಣ್ಣಾ, ಇಲ್ಲೂ ಇದ್ದಾರೆ ಕಣೋ’ ಅಂದ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಒಂದು ತಿಂಗಳು ಕಟಿಂಗ್‌ಗೆ 18 ಯೂರೋ ಅಂತಿತ್ತು. ಅಲ್ಲಿಯವರೆಗೆ ರೂಮ್‌ಮೇಟುಗಳೇ ಒಬ್ಬರಿಗೊಬ್ಬರು ಟ್ರಿಮ್ಮರ್ ಹಾಕಿಕೊಳ್ತಿದ್ದರು. ಪಕ್ಕದ ಕಾಲಮ್ಮಿನಲ್ಲಿ ‘ಇಂಟರ್‌ವ್ಯೂ ಇತ್ತು’ ಅಂತ ಬರೆದಿದ್ದ. ನಾನೇನೂ ಕೇಳಿರಲಿಲ್ಲ ಅಂದೆನಲ್ಲ, ಆದರೂ ಬರೆದಿದ್ದ. ಗಾಂಧಿಯ ಟೋಪಿಯನ್ನ ನಾನು ಸರಿಯಾಗಿ ಓದಿದ್ದು ಅದಾದ ಮೇಲೆ.

ಹಾಗಂತ ಗಾಂಧಿಯ ಅಧ್ಯಾಯಗಳಲ್ಲಿ ಕೊರತೆ ಇಲ್ಲ ಅಂತಲ್ಲ. ಎರಡು ದೊಡ್ಡ ಕೊರತೆ ಕಾಣುತ್ತೆ. ಮೊದಲನೇದು, ಮಿತವ್ಯಯ ಅಲ್ಲಿ ತೀರಾ ಬೇಗ ಆನಂದ ಆಗಿಬಿಡುತ್ತೆ. ಊರಿಂದ ಬರ್ತಿದ್ದ ಮಸಾಲೆ, ಸಿಹಿತಿಂಡಿ ಬೇಡ ಅಂದ, ಸಪ್ಪೆ ಪಾಲಕ್ ರುಚಿಸೋಕೆ ಶುರುವಾಯ್ತು, ಬದುಕು ಸತ್ಯವಾಯ್ತು. ಸರಿ. ಆದರೆ ಆ ಹುಡುಗನಿಗೆ ದಿನಕ್ಕೆ ಹತ್ತು ಮೈಲಿ ನಡೆಯೋಕೆ ಸಮಯ ಇತ್ತು, ದುಡಿಯುವ ಅಗತ್ಯ ಇರಲಿಲ್ಲ. ನಮ್ಮ ಹುಡುಗರಿಗೆ ವರ್ಷಕ್ಕೆ 140 ಪೂರ್ತಿ ದಿನ ದುಡಿಯೋಕೆ ಪರವಾನಗಿ ಇದೆ, 2025ರಲ್ಲಿ ಗಂಟೆಗೆ ಕನಿಷ್ಠ 12.82 ಯೂರೋ. ಗೋಡೌನಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಸಪ್ಪೆ ಪಾಲಕ್ಕಿನಲ್ಲಿ ಸತ್ಯ ಕಾಣಲ್ಲ, ನಿದ್ದೆ ಕಾಣುತ್ತೆ. ಬಡತನಕ್ಕೆ ವ್ರತದ ಹೆಸರಿಡುವ ಅಭ್ಯಾಸ ನಮ್ಮಲ್ಲಿ ಮೊದಲೇ ಜಾಸ್ತಿ, ಈ ಅಧ್ಯಾಯ ಅದಕ್ಕೆ ಇನ್ನಷ್ಟು ಬಲ ಕೊಡುತ್ತೆ.

ಎರಡನೇದು ಹೆಂಡತಿ. ನಾಲ್ಕೈದು ಸಾವಿರದ ಅಂದಾಜಿನಲ್ಲಿ ಎರಡು ಮೂರು ಸಾವಿರ ಕಸ್ತೂರಬಾ ಮೈಮೇಲಿನ ಒಡವೆ ಅಂತ ಲೆಕ್ಕ ಹಾಕಿದ ಹುಡುಗ, ಆಕೆಯನ್ನ ಕೇಳಿದ್ದನಾ? ಆ ಪುಟದಲ್ಲಿ ಆಕೆಯ ಒಂದು ಮಾತೂ ಇಲ್ಲ. ಕೆಲವು ತಿಂಗಳ ಕೂಸು ಹರಿಲಾಲನನ್ನ ಎತ್ತಿಕೊಂಡು ರಾಜಕೋಟೆಯಲ್ಲಿ ಮೂರು ವರ್ಷ ಉಳಿದವಳು ಆಕೆ. ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್ ಅಂತ ಫಾರ್ದಿಂಗಿನವರೆಗೂ ಲೆಕ್ಕ ಇಟ್ಟ ಪುಸ್ತಕ ಇದೊಂದನ್ನ ಖರ್ಚು ಅಂತ ಗಣಿಸಲೇ ಇಲ್ಲ. ನಮ್ಮ ಮನೆಯಲ್ಲೂ ಅಡವಿಟ್ಟ ಸರದ ವಿಷಯ ಶೀಟಿನಲ್ಲಿಲ್ಲ. ಮದುವೆ ಮನೆಗಳಿಗೆ ಅವ್ವ ಈಗ ಕರಿಮಣಿ ಒಂದರಲ್ಲೇ ಹೋಗ್ತಾರೆ. ಯಾರಾದರೂ ಕೇಳಿದ್ರೆ ಸೆಕೆ, ಕುತ್ತಿಗೆ ಉರೀತದೆ ಅಂತಾರೆ.

ಆದರೆ ಒಂದು ವಿಷಯದಲ್ಲಿ ಗಾಂಧಿ ನನ್ನ ತುದಿಯ ತನಕ ಬರ್ತಾರೆ. ಅದು ಲಂಡನ್ನಿನ ಅಧ್ಯಾಯದಲ್ಲಿಲ್ಲ, ವಾಪಸ್ ಬಂದ ಮೇಲಿನದ್ದು. ತಮ್ಮ ಬ್ಯಾರಿಸ್ಟರ್ ಆಗಿ ಬಂದ, ಇನ್ನು ದುಡ್ಡು ಹರಿದು ಬರುತ್ತೆ ಅಂತ ಅಣ್ಣ ನಂಬಿದ್ದಾನೆ. ಮನೆಗೆ ಆಗಲೇ ಪಿಂಗಾಣಿ, ಟೀ, ಕಾಫಿ ಬಂದಿವೆ. ತಮ್ಮ ಬಂದವನು ಓಟ್ಸ್ ಗಂಜಿ, ಕೋಕೋ ಸೇರಿಸ್ತಾನೆ. ಕಾಲಿಗೆ ಬೂಟು, ಮೈಗೆ ಯೂರೋಪಿನ ಉಡುಪು. ಲಂಡನ್ನಿನ ಒಂಟಿ ರೂಮಿನಲ್ಲಿ ಅತಿ ಅಗ್ಗದ ಊಟ ಆಗಿದ್ದ ಅದೇ ಕೋಕೋ, ಅದೇ ಓಟ್ಸ್, ರಾಜಕೋಟೆಯಲ್ಲಿ ಖರ್ಚು ಏರಿಸುವ ದುಬಾರಿ ಸಾಮಾನು. ಮನೆ ಬಾಗಿಲಿಗೆ ಬಿಳಿಯಾನೆ ಕಟ್ಟಿದೆವು ಅಂತ ಅವರೇ ಒಪ್ಪಿಕೊಳ್ತಾರೆ. ‘ಗುಣಿಸಬೇಡಿ’ ಅನ್ನುವವರಿಗೆ ಈ ಕೋಕೋ ಡಬ್ಬಿ ತೋರಿಸಬೇಕು. ಅಲ್ಲಿನ ಉಳಿತಾಯಕ್ಕೂ ಇಲ್ಲಿನ ದುಂದಿಗೂ ನಡುವೆ ಇದ್ದಿದ್ದು ಒಂದು ಸಮುದ್ರ, ಒಂದು ವಿನಿಮಯ ದರ.

ಲಕ್ಷ್ಮೀದಾಸನ ಕಥೆ ಅಲ್ಲಿಗೂ ಮುಗಿಯಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸಂಪಾದನೆ ಶುರುವಾದ ಮೇಲೆ ಗಾಂಧಿ ಉಳಿದಿದ್ದನ್ನೆಲ್ಲ ಅಣ್ಣನಿಗೇ ಕಳಿಸ್ತಿದ್ದರು. ಆಮೇಲೊಂದು ದಿನ, ಇಲ್ಲಿಯವರೆಗೂ ಕಳಿಸಿದೆ, ಇನ್ನು ಮುಂದೆ ಉಳಿದಿದ್ದು ಸಮುದಾಯದ ಕೆಲಸಕ್ಕೆ ಅಂತ ಬರೆದರು. ಅಣ್ಣನಿಗೆ ಸಿಟ್ಟು ಬಂತು. ಕುಟುಂಬದ ಕರ್ತವ್ಯ ಅಂದರೇನು ಅಂತ ಖಾರವಾಗಿ ಉತ್ತರ ಬರೆದ, ಬಹಳ ಕಾಲ ಮಾತು ಬಿಟ್ಟ, ಸಾಯುವ ಮುಂಚೆ ರಾಜಿಯಾದ. ಗಾಂಧಿ ಇದನ್ನ ತಮ್ಮ ಕರ್ತವ್ಯದ ಅರ್ಥ ದೊಡ್ಡದಾದ ಕಥೆ ಅಂತ ಹೇಳ್ತಾರೆ, ಓದುಗರೂ ಹಾಗೇ ಓದ್ತಾರೆ. ನಾನು ಅಣ್ಣನ ಕಡೆ ಕೂತು ಓದಿದೆ. ಆ ಸಿಟ್ಟಿನ ಕಾಗದದಲ್ಲಿ ದುರಾಸೆ ನನಗೆ ಕಾಣಲಿಲ್ಲ. ಹಡಗಿನ ಚಾರ್ಜಿನ ಸಾಲ ತೀರಿಸಿದವನು, ಚಿನ್ನದ ಚೈನು ಕಳಿಸಿದವನು, ಪ್ರತಿ ತಿಂಗಳು ಪೌಂಡನ್ನ ರೂಪಾಯಿಗೆ ಗುಣಿಸಿದವನು ಬರೆದ ಕಾಗದ ಅದು.